ಬೂದಿ ಮುಚ್ಚಿದ ಕೆಂಡ: ಎಂಎಸ್ ಮತ್ತು ಮಿದುಳಿನ ಕಾವಲು ಕೋಶಗಳು

"ಎಂಆರ್‌ಐ ಚೆನ್ನಾಗಿದೆ, ಹೊಸ ಕಲೆ ಒಂದೂ ಇಲ್ಲ" ಎನ್ನುತ್ತಾರೆ ಡಾಕ್ಟರು. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕಾಯಿಲೆ ಅನುಭವಿಸುವವರ ಲೆಕ್ಕವೇ ಬೇರೆ. ಎರಡು ವರ್ಷದ ಹಿಂದೆ ಸಲೀಸಾಗಿ ಹತ್ತಿದ ಮೆಟ್ಟಿಲು ಈಗ ಗೋಡೆ ಹಿಡಿಯದೆ ಹತ್ತಲಾಗುವುದಿಲ್ಲ. ಬಸ್‌ಸ್ಟಾಪಿಗೆ ಐದು ನಿಮಿಷ ಸಾಕಾಗುತ್ತಿತ್ತು, ಈಗ ಹತ್ತು ನಿಮಿಷ ಬೇಕು. ನಡುವೆ ಕಾಯಿಲೆ ಇದ್ದಕ್ಕಿದ್ದಂತೆ ಕೆರಳುವ ದೊಡ್ಡ ದಾಳಿ ಯಾವುದೂ ಆಗಿಲ್ಲ. ಹಾಗಾದರೆ ಕಾಲಿನ ಬಲ ಹೋಗುತ್ತಿರುವುದಾದರೂ ಯಾಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಲ್ಲರೂ ಎಂಎಸ್ ಅಂತ ಕರೆಯುವ ಕಾಯಿಲೆಯಲ್ಲಿ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಉತ್ತರ ಹುಡುಕುತ್ತಾ ಹೋದವರು ಮಿದುಳಿನೊಳಗೇ ಮನೆ ಮಾಡಿಕೊಂಡಿರುವ ಒಂದು ಪುಟ್ಟ ಕೋಶದ ಹತ್ತಿರ ಬಂದು ನಿಂತಿದ್ದಾರೆ. ಅದರ ಹೆಸರು ಮೈಕ್ರೋಗ್ಲಿಯಾ.

ಕಾಯಿಲೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ನಮ್ಮ ನರದ ಎಳೆಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆ ಇರುವ ದಪ್ಪ ಎಳೆಯಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರ್ ವೇಗ ಮುಟ್ಟಬಲ್ಲದು. ಹೊದಿಕೆ ಇಲ್ಲದ ಸಣ್ಣ ಎಳೆಯಲ್ಲಿ ಒಂದೆರಡು ಮೀಟರ್ ಅಷ್ಟೇ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಪಡೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಹಾಗೆ ಕಿತ್ತ ಜಾಗಗಳೇ ಎಂಆರ್‌ಐನಲ್ಲಿ ಕಾಣುವ ಕಲೆಗಳು. ಒಂದು ಕಣ್ಣು ಮಂಜಾಗಬಹುದು. ಕಾಲು ಜೋಮು ಹಿಡಿದಂತಾಗಬಹುದು. ನಡೆಯುವಾಗ ವಾಲಬಹುದು. ಬಿಸಿಲಲ್ಲಿ ನಡೆದು ಬಂದರೆ, ಬಿಸಿನೀರಿನ ಸ್ನಾನ ಮಾಡಿದರೆ ತೊಂದರೆ ಜಾಸ್ತಿಯಾಗುತ್ತದೆ. ಹೊದಿಕೆ ಕಳೆದುಕೊಂಡ ಎಳೆ ಸ್ವಲ್ಪ ಬಿಸಿಯಾದರೂ ಸಾಕು, ಸಂಕೇತ ದಾರಿಯಲ್ಲೇ ನಿಂತುಬಿಡುತ್ತದೆ. ಬೇಸಿಗೆ ಬಂತೆಂದರೆ ಇವರು ಹೆದರುವುದು ಸೋಮಾರಿತನದಿಂದಲ್ಲ. ಮನೆಯವರು ಇದನ್ನು ತಿಳಿದುಕೊಂಡರೆ ಎಷ್ಟೋ ನೋವು ತಪ್ಪುತ್ತದೆ.

ಇದು ಚಳಿ ದೇಶಗಳ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ಅಲ್ಲಿಗಿಂತ ನಮ್ಮಲ್ಲಿ ಕಡಿಮೆ ಎನ್ನುವುದು ನಿಜ, ಇಲ್ಲ ಎನ್ನುವುದು ಸುಳ್ಳು. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂಎಸ್ ಇರುವುದು ಕಂಡುಬಂತು. ಹೆಚ್ಚಾಗಿ 20ರಿಂದ 40 ವರ್ಷದ ನಡುವೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು.

ಹೊದಿಕೆ ಕೀಳುವ ಮೊದಲ ದಾಳಿ ಹೊರಗಿನಿಂದ ಬರುತ್ತದೆ. ರಕ್ತದಲ್ಲಿ ಓಡಾಡುವ ರೋಗನಿರೋಧಕ ಪಡೆಯ ಟಿ ಮತ್ತು ಬಿ ಕೋಶಗಳು ಮಿದುಳಿನ ತಡೆಗೋಡೆ ದಾಟಿ ಒಳಗೆ ನುಗ್ಗುತ್ತವೆ. ಈ ದಾಳಿ ತಡೆಯುವುದರಲ್ಲಿ ವೈದ್ಯಶಾಸ್ತ್ರ ದೊಡ್ಡ ಹೆಜ್ಜೆ ಇಟ್ಟಿದೆ. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾಗೆ ಒಪ್ಪಿಗೆ ಸಿಕ್ಕಿತು. 2017ರಲ್ಲಿ ಬಿ ಕೋಶಗಳನ್ನು ಇಲ್ಲವಾಗಿಸುವ ಆಕ್ರೆಲಿಜುಮ್ಯಾಬ್ ಬಂತು. ಇಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಹೊಸ ದಾಳಿಗಳು ತುಂಬಾ ಕಡಿಮೆಯಾಗುತ್ತವೆ. ಆದರೂ ಅನೇಕರಲ್ಲಿ ನಿಧಾನದ ಸವೆತ ನಿಲ್ಲುವುದಿಲ್ಲ. ಬಾಗಿಲು ಹಾಕಿದ ಮೇಲೂ ಒಳಗೆ ಏನೋ ಸುಡುತ್ತಿದೆ.

ಒಳಗೆ ಇರುವವರು ಯಾರು ಎಂದು ಮೊದಲು ಸ್ಪಷ್ಟವಾಗಿ ನೋಡಿದ್ದು ಸ್ಪೇನ್ ದೇಶದ ಪಿಯೋ ದೆಲ್ ರಿಯೋ ಹೊರ್ತೇಗ. ಮ್ಯಾಡ್ರಿಡ್‌ನಲ್ಲಿ ಮಹಾ ನರವಿಜ್ಞಾನಿ ಕಹಾಲ್ ಅವರ ಬಳಿ ಕೆಲಸ ಮಾಡುತ್ತಿದ್ದವರು. ನರಕೋಶವೂ ಅಲ್ಲದ, ನಕ್ಷತ್ರದಾಕಾರದ ಆಸ್ಟ್ರೋಸೈಟೂ ಅಲ್ಲದ ಕೋಶಗಳನ್ನು ಕಹಾಲ್ "ಮೂರನೆಯ ಅಂಶ" ಎಂದಿದ್ದರು. ಹೊರ್ತೇಗ ಬೆಳ್ಳಿಯ ಕಾರ್ಬೊನೇಟ್ ಬಳಸಿ ಕೋಶಗಳಿಗೆ ಬಣ್ಣ ಹಿಡಿಸುವ ಹೊಸ ವಿಧಾನ ಕಂಡುಕೊಂಡರು. ಆ ಮೂರನೆಯ ಅಂಶ ಒಂದಲ್ಲ, ಎರಡು ಎಂದು ತೋರಿಸಿದರು. 1919ರಲ್ಲಿ ಒಂದಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. 1921ರಲ್ಲಿ ಇನ್ನೊಂದಕ್ಕೆ ಆಲಿಗೋಡೆಂಡ್ರೋಗ್ಲಿಯಾ ಎಂದರು. ಮೈಲಿನ್ ನೇಯುವುದು ಈ ಎರಡನೆಯದೇ. ಎಂಎಸ್ ಕಥೆಯ ಇಬ್ಬರು ಮುಖ್ಯ ಪಾತ್ರಧಾರಿಗಳಿಗೆ, ಹೊದಿಕೆ ನೇಯುವವನಿಗೂ ಅದರ ಚೂರು ತಿನ್ನುವವನಿಗೂ, ಹೆಸರಿಟ್ಟವರು ಒಬ್ಬರೇ! ಅಂತರ್ಯುದ್ಧದಲ್ಲಿ ದೇಶ ಬಿಟ್ಟ ಹೊರ್ತೇಗ 1945ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಅವರ ಹೆಸರು ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮೈಕ್ರೋಗ್ಲಿಯಾ ಎಲ್ಲಿಂದ ಬಂದವು ಎಂಬ ಪ್ರಶ್ನೆ ಬಗೆಹರಿಯಲು ಮತ್ತೆ ತೊಂಬತ್ತು ವರ್ಷ ಹಿಡಿಯಿತು. ರಕ್ತದ ಬಿಳಿ ಕೋಶಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ಇವು ಹಾಗಲ್ಲ. ಭ್ರೂಣ ತೀರಾ ಎಳೆಯದಿರುವಾಗ ಅದಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ ಹುಟ್ಟಿ, ಮಿದುಳು ರೂಪುಗೊಳ್ಳುವಾಗಲೇ ಅಲ್ಲಿಗೆ ಬಂದು ನೆಲೆಸುತ್ತವೆ. 2010ರಲ್ಲಿ ಇಲಿಗಳಲ್ಲಿ ಇದು ಖಚಿತವಾಯಿತು. ಆಮೇಲೆ ಅಲ್ಲಿಯೇ ತಮ್ಮ ಸಂಖ್ಯೆ ಕಾಯ್ದುಕೊಂಡು ಬಾಳುತ್ತವೆ. ಇವು ಮಿದುಳಿನ ಮೂಲನಿವಾಸಿಗಳು ಎಂದರೆ ತಪ್ಪಲ್ಲ. ಬಾಗಿಲು ಕಾಯುವ ಔಷಧಿ ಇವುಗಳ ತಂಟೆಗೆ ಯಾಕೆ ಹೋಗುವುದಿಲ್ಲ ಎನ್ನುವುದು ಈಗ ಗೊತ್ತಾಯಿತು ಅಲ್ವಾ?

ಇವು ಸುಮ್ನೆ ಕೂತಿರುತ್ತವೆ, ಗಾಯವಾದಾಗ ಮಾತ್ರ ಏಳುತ್ತವೆ ಎಂದೇ ಎಲ್ಲರೂ ತಿಳಿದಿದ್ದರು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು, ತೆಳುವಾಗಿ ಉಜ್ಜಿದ ತಲೆಬುರುಡೆಯ ಮೂಲಕ, ಲೇಸರ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಆ ನಂಬಿಕೆ ಬಿದ್ದುಹೋಯಿತು. ಪ್ರತಿ ಕೋಶವೂ ತನ್ನ ಕವಲು ಕೈಗಳನ್ನು ಚಾಚುತ್ತಾ, ಹಿಂತೆಗೆಯುತ್ತಾ ಸುತ್ತಲ ಜಾಗ ತಡಕುತ್ತಿತ್ತು. ಹೀಗೆ ಕೆಲವೇ ಗಂಟೆಗಳಲ್ಲಿ ಆ ಭಾಗದ ಮೂಲೆ ಮೂಲೆಯೂ ಒಮ್ಮೆ ತಪಾಸಣೆಯಾಗುತ್ತಿತ್ತು. ಲೇಸರಿನಿಂದ ಒಂದು ಚುಕ್ಕೆಯಷ್ಟು ಗಾಯ ಮಾಡಿದರೆ ನಿಮಿಷಗಳಲ್ಲಿ ಅಕ್ಕಪಕ್ಕದ ಕೈಗಳೆಲ್ಲ ಅಲ್ಲಿ ಸೇರುತ್ತಿದ್ದವು.

ಇಷ್ಟು ನಿಷ್ಠೆಯ ಕಾವಲುಗಾರ ಎಂಎಸ್‌ನಲ್ಲಿ ಏನು ಮಾಡುತ್ತಾನೆ? ಹಳೆಯ ಕಲೆಗಳ ಅಂಚು ನೋಡಬೇಕು. ಕೆಲವು ಕಲೆಗಳು ಆರಿ ತಣ್ಣಗಾಗಿರುತ್ತವೆ. ಇನ್ನು ಕೆಲವು ಬೂದಿ ಮುಚ್ಚಿದ ಕೆಂಡ. ನಡುಭಾಗ ಶಾಂತವಾಗಿರುತ್ತದೆ, ಅಂಚಿನ ಸುತ್ತ ಮೈಕ್ರೋಗ್ಲಿಯಾ ಮತ್ತು ಅವುಗಳ ನೆಂಟರಾದ ಮ್ಯಾಕ್ರೋಫೇಜ್ ಕೋಶಗಳು ಬಳೆಯಂತೆ ನಿಂತು ನಿಧಾನವಾಗಿ ಸುಡುತ್ತಾ ಹೊರಕ್ಕೆ ಸರಿಯುತ್ತವೆ. ಇವುಗಳ ಹೊಟ್ಟೆಯಲ್ಲಿ ಕಬ್ಬಿಣ ತುಂಬಿರುತ್ತದೆ. ಅದು ಬಂದದ್ದು ಎಲ್ಲಿಂದ? ಮಿದುಳಿನಲ್ಲಿ ಹೆಚ್ಚು ಕಬ್ಬಿಣ ಇಟ್ಟುಕೊಂಡಿರುವುದು ಮೈಲಿನ್ ನೇಯುವ ಕೋಶಗಳೇ. ಅವು ಸತ್ತಾಗ ಚೆಲ್ಲಿದ್ದನ್ನು ಇವು ನುಂಗಿರುತ್ತವೆ. ಕಬ್ಬಿಣ ಕಾಂತಕ್ಷೇತ್ರವನ್ನು ಕದಡುವುದರಿಂದ ವಿಶೇಷ ಎಂಆರ್‌ಐನಲ್ಲಿ ಕಲೆಯ ಸುತ್ತ ಕಪ್ಪು ಅಂಚಾಗಿ ಕಾಣುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 192 ಎಂಎಸ್ ರೋಗಿಗಳ ಮಿದುಳಿನಲ್ಲಿ ಈ ಅಂಚು ಹುಡುಕಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇಂಥ ಒಂದಾದರೂ ಕಲೆ ಇತ್ತು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ನಡಿಗೆಯ ತೊಂದರೆ, ಯೋಚನೆಯ ತೊಂದರೆ ಚಿಕ್ಕ ವಯಸ್ಸಿನಲ್ಲೇ ಬಂದಿತ್ತು. ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲೂ ಈ ಅಂಚುಗಳಿದ್ದವು.

ಹಾಗಿದ್ದರೆ ಈ ಕೋಶಗಳನ್ನು ಕೊಂದುಹಾಕಿದರಾಯಿತಲ್ಲ? ಅಲ್ಲೇ ತೊಡಕು. ಹರಿದ ಮೈಲಿನ್ ಮತ್ತೆ ನೇಯ್ದುಕೊಳ್ಳಬಲ್ಲದು, ಆದರೆ ಮೊದಲು ಹಳೆಯ ಚೂರುಗಳನ್ನು ಗುಡಿಸಬೇಕು. ಚೂರು ಬಿದ್ದಿರುವವರೆಗೂ ಹೊಸ ನೇಕಾರರು ಬೆಳೆದು ಕೆಲಸಕ್ಕೆ ಇಳಿಯುವುದಿಲ್ಲ. ಗುಡಿಸುವ ಕೆಲಸ ಮೈಕ್ರೋಗ್ಲಿಯಾ ಮತ್ತು ಮ್ಯಾಕ್ರೋಫೇಜ್‌ಗಳದೇ.

ವಯಸ್ಸಾದಂತೆ ಈ ಗುಡಿಸುವಿಕೆ ಸೋಲುತ್ತದೆ. 2012ರಲ್ಲಿ ಕೇಂಬ್ರಿಡ್ಜ್ ಮತ್ತು ಹಾರ್ವರ್ಡ್‌ನವರು ಒಂದು ಮುದಿ ಇಲಿ ಮತ್ತು ಒಂದು ಎಳೆ ಇಲಿಯ ರಕ್ತ ಸಂಚಾರವನ್ನು ಜೋಡಿಸಿದರು. ಎಳೆ ರಕ್ತದ ಕೋಶಗಳು ಬಂದು ಮುದಿ ಇಲಿಯ ಬೆನ್ನುಹುರಿಯ ಚೂರು ಗುಡಿಸಲು ನೆರವಾದವು, ಅಲ್ಲಿ ಮೈಲಿನ್ ಮತ್ತೆ ಚೆನ್ನಾಗಿ ಬೆಳೆಯಿತು. ಮುದಿ ಕೋಶಕ್ಕೆ ಏನಾಗಿರುತ್ತದೆ? 2018ರಲ್ಲಿ ಮ್ಯೂನಿಕ್‌ನ ತಂಡಕ್ಕೆ ಸುಳಿವು ಸಿಕ್ಕಿತು. ಮೈಲಿನ್‌ನಲ್ಲಿ ಕೊಲೆಸ್ಟರಾಲ್ ತುಂಬಾ ಇದೆ. ನಮ್ಮ ಕೋಶಗಳು ಅದನ್ನು ಒಡೆದು ಅರಗಿಸಲಾರವು, ಹೊರಗೆ ಸಾಗಿಸಬೇಕು ಅಷ್ಟೇ. ಮುದಿ ಇಲಿಗಳ ಕೋಶಗಳಿಗೆ ಸಾಗಿಸುವ ಶಕ್ತಿ ಸಾಲದು. ತಿಂದದ್ದು ಒಳಗೇ ಉಳಿದು ಹರಳುಗಟ್ಟುತ್ತದೆ. ಹರಳು ಕೋಶವನ್ನು ಒಳಗಿನಿಂದ ಚುಚ್ಚಿ ಉರಿಯೂತ ಎಬ್ಬಿಸುತ್ತದೆ. ಗುಡಿಸಲು ಬಂದವನು ತಿಂದದ್ದು ಅರಗದೆ ತಾನೇ ಉರಿಯತೊಡಗುತ್ತಾನೆ. ಈ ವಿಷಯ ಓದಿದ ಮೇಲೆ ಮೈಕ್ರೋಗ್ಲಿಯಾವನ್ನು ವೈರಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಈಗ ಔಷಧಿ ಹುಡುಕುವವರ ಕಣ್ಣು ಬಿಟಿಕೆ ಎಂಬ ಕಿಣ್ವದ ಮೇಲಿದೆ. ಅದು ಬಿ ಕೋಶಗಳಲ್ಲೂ ಮೈಕ್ರೋಗ್ಲಿಯಾದಲ್ಲೂ ಉರಿ ಎಬ್ಬಿಸುವ ಸಂದೇಶ ದಾಟಿಸುತ್ತದೆ. ಅದನ್ನು ತಡೆಯುವ ಎವೊಬ್ರುಟಿನಿಬ್ 2023ರ ದೊಡ್ಡ ಪರೀಕ್ಷೆಗಳಲ್ಲಿ ಸೋತಿತು. ಇನ್ನೊಂದು, ಮಿದುಳಿನೊಳಕ್ಕೆ ಹೋಗಬಲ್ಲ ಟೊಲೆಬ್ರುಟಿನಿಬ್. ಇದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ದಾಳಿಗಳಿಲ್ಲದೆ ನಿಧಾನವಾಗಿ ಹದಗೆಡುತ್ತಿದ್ದ 1,131 ಜನರ ಪರೀಕ್ಷೆ ಅದು. ಹೋಲಿಕೆಗೆಂದು ಕೊಟ್ಟ, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಸುಮಾರು 31 ಜನರ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಔಷಧಿ ಪಡೆದವರಲ್ಲಿ ಸುಮಾರು 23. ದೊಡ್ಡ ವ್ಯತ್ಯಾಸವಲ್ಲ, ಆದರೆ ಈ ಗುಂಪಿಗೆ ನೆರವಾಗುವ ಔಷಧಿಗಳೇ ಕಡಿಮೆ. ಇದೇ ಔಷಧಿ ಬೇರೆ ಪರೀಕ್ಷೆಗಳಲ್ಲಿ ಹೊಸ ದಾಳಿ ತಡೆಯುವುದರಲ್ಲಿ ಈಗಾಗಲೇ ಬಳಕೆಯಲ್ಲಿರುವ ಒಂದು ಮಾತ್ರೆಯನ್ನು ಮೀರಿಸಲಿಲ್ಲ. ದಾಳಿ ಬೇರೆ, ಒಳಗಿನ ಕೆಂಡ ಬೇರೆ ಎಂಬ ಮಾತಿಗೆ ಮನುಷ್ಯರಲ್ಲೇ ಸಿಕ್ಕ ಬಲವಾದ ಪುರಾವೆ ಇದು ಎಂದು ನಾನು ತಿಳಿಯುತ್ತೇನೆ. ಬೆಲೆಯೂ ಇದೆ. ಕೆಲವರ ಲಿವರ್‌ಗೆ ಗಂಭೀರ ಪೆಟ್ಟು ಬಿತ್ತು, ಒಬ್ಬರ ಜೀವವೂ ಹೋಯಿತು. ಇದನ್ನು ಗೆಲುವು ಎಂದು ಡಂಗುರ ಹೊಡೆಯುವ ಹಾಗಿಲ್ಲ.

ಕಪ್ಪು ಅಂಚಿಗೆ ಈಗ ವೈದ್ಯರ ನಿಯಮದಲ್ಲೂ ಜಾಗ ಸಿಕ್ಕಿದೆ. ಎಂಎಸ್ ಪತ್ತೆಗೆ ಬಳಸುವ ಮ್ಯಾಕ್‌ಡೊನಾಲ್ಡ್ ನಿಯಮಗಳ 2024ರ ಪರಿಷ್ಕರಣೆ ಅದನ್ನು ನೆರವಿನ ಗುರುತು ಎಂದು ಒಪ್ಪಿಕೊಂಡಿದೆ. ಆದರೆ ಮಾಮೂಲಿ ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ, ಅದಕ್ಕೆಂದೇ ಬೇರೆ ಬಗೆಯ ಚಿತ್ರ ತೆಗೆಯಬೇಕು. ಅದು ಸಿಗುವವರೆಗೆ ಒಂದು ಸಾದಾ ಪರೀಕ್ಷೆಯಂತೂ ಇದೆ. 25 ಅಡಿ ನಡೆಯಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯುವುದು. ಸ್ಕ್ಯಾನ್ ಚೆನ್ನಾಗಿದೆ ಎಂದ ಡಾಕ್ಟರ ಮುಂದೆ ನಿಮ್ಮ ಮೆಟ್ಟಿಲಿನ ಕಥೆ ಹೇಳಿ, ಈ ನಡಿಗೆಯನ್ನು ಅಳೆದು ಬರೆದಿಡಲು ಕೇಳಿ.