ದೂಳು ಎಬ್ಬಿಸಿದವರು ಯಾರು?

ದೂಳು ಅಂದರೆ ಸಹಾರಾ, ಗೋಬಿ ನೆನಪಾಗುತ್ತವೆ, ಅಲ್ವಾ? ಗಾಳಿಗೆ ಏಳುವ ದೂಳಿನಲ್ಲಿ ದೊಡ್ಡ ಪಾಲು ಮರುಭೂಮಿಗಳದ್ದೇ, ನಿಜ. ಆದರೆ ಉಪಗ್ರಹ ಚಿತ್ರಗಳನ್ನು ನೋಡಿ 2012ರಲ್ಲಿ ಹಾಕಿದ ಒಂದು ಲೆಕ್ಕದ ಪ್ರಕಾರ, ಸುಮಾರು ಕಾಲು ಭಾಗ ಏಳುವುದು ಮನುಷ್ಯ ಉತ್ತ, ದನ ಮೇಯಿಸಿದ, ನೀರು ಬತ್ತಿಸಿದ ನೆಲದಿಂದ. ಹತ್ತಿ ಬೆಳೆಯಲು ನದಿಗಳನ್ನೇ ತಿರುಗಿಸಿದ್ದರಿಂದ ಒಣಗಿದ ಅರಲ್ ಸಮುದ್ರದ ತಳ ಇದಕ್ಕೆ ಹೆಸರುವಾಸಿ. ಅಲ್ಲಿಂದ ಏಳುವುದು ಉಪ್ಪು ಬೆರೆತ ದೂಳು.

ದೂಳು ಸುಮ್ನೆ ಏಳುವುದಿಲ್ಲ. ತೀರಾ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬರೀ ಗಾಳಿಗೆ ಜಗ್ಗುವುದಿಲ್ಲ. ಮೊದಲು ಅಲುಗುವುದು ಮರಳಿನ ಕಾಳು. ಅದು ಕುಪ್ಪಳಿಸುತ್ತಾ ಹೋಗಿ, ಬಿದ್ದ ಕಡೆಯಲ್ಲೆಲ್ಲ ನೆಲವನ್ನು ಗುದ್ದುತ್ತದೆ. ಆ ಏಟಿಗೆ ನುಣ್ಣನೆಯ ಕಣಗಳು ಚಿಮ್ಮಿ ಗಾಳಿ ಸೇರುತ್ತವೆ. ಒಣನಾಡುಗಳಲ್ಲಿ ಈ ಏಟು ತಡೆಯಲು ಮಣ್ಣಿನ ಮೇಲೆ ತೆಳುವಾದ ಜೀವಂತ ಪದರ ಇರುತ್ತದೆ. ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಹೆಣೆದದ್ದು. ಗೊರಸು, ನೇಗಿಲು, ಟೈರು, ಯಾವುದು ಹಾದರೂ ಒಡೆಯುತ್ತದೆ. ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು.

ಮೇಲೇರಿದ ದೂಳು ಭೂಮಿಯನ್ನು ತಂಪು ಮಾಡುತ್ತದೋ, ಬಿಸಿ ಮಾಡುತ್ತದೋ? ಎರಡೂ. ಕಡಲಿನ ಮೇಲೆ ತೇಲುವಾಗ ಬಿಸಿಲನ್ನು ಹಿಂದಕ್ಕೆ ಚದುರಿಸಿ ತಂಪು ಮಾಡುತ್ತದೆ. ದಪ್ಪ ಕಣಗಳು ನೆಲದಿಂದ ಹೊರಟ ಶಾಖವನ್ನು ಹಿಡಿದಿಟ್ಟು ಬಿಸಿ ಮಾಡುತ್ತವೆ. ಕೂಡಿ ಕಳೆದರೆ ತಕ್ಕಡಿ ತುಸು ತಂಪಿನ ಕಡೆಗೇ ವಾಲುತ್ತದೆ ಎಂಬುದು ಈಗಿನ ಅಂದಾಜು. ಹಾಗಂತ ಖುಷಿಪಡುವವರು ಒಮ್ಮೆ ಹಿಮದ ಕಡೆ ನೋಡಬೇಕು.

ಅಮೆರಿಕದ ಪಶ್ಚಿಮಕ್ಕೆ 19ನೇ ಶತಮಾನದಲ್ಲಿ ವಲಸೆಗಾರರು ಬಂದರು, ಜೊತೆಗೆ ಅವರ ದನ ಕುರಿಗಳೂ ಬಂದವು. ಕೊಲರಾಡೊದ ಸ್ಯಾನ್ ಹುವಾನ್ ಬೆಟ್ಟಗಳಲ್ಲಿ ಕೆರೆಗಳ ತಳದ ಹೂಳನ್ನು ಕೊರೆದು ತೆಗೆದಾಗ, ಆಮೇಲಿನ ಪದರಗಳಲ್ಲಿ ದೂಳು ಹಿಂದಿನ ಸಾವಿರಾರು ವರ್ಷಗಳ ಸರಾಸರಿಗಿಂತ ಐದು ಪಟ್ಟು ಜಾಸ್ತಿ ಸಿಕ್ಕಿತು. ಹೊಸ ಹಿಮ ಬಿಸಿಲಿನ ಶೇ 80ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಕಂದು ದೂಳು ಕೂತ ಹಿಮ ಅದನ್ನು ಕುಡಿದು, ಕೆಲವು ವಾರ ಮೊದಲೇ ಕರಗಿಬಿಡುತ್ತದೆ. ಬೇಗ ಬಯಲಾದ ನೆಲದಲ್ಲಿ ಗಿಡಗಳು ಬೇಗ ಚಿಗುರಿ ನೀರು ಹೀರುತ್ತವೆ. ಇದರಿಂದ ಕೊಲರಾಡೊ ನದಿಗೆ ಸುಮಾರು ಶೇ 5ರಷ್ಟು ನೀರು ಖೋತಾ ಎಂದು 2010ರ ಒಂದು ಅಧ್ಯಯನ ಹೇಳಿತು.

1934ರಲ್ಲಿ ಟೇಲರ್ ಕಾಯ್ದೆ ಬಂದು ಸರ್ಕಾರಿ ಹುಲ್ಲುಗಾವಲುಗಳಲ್ಲಿ ಮೇಯಿಸುವುದಕ್ಕೆ ಮಿತಿ ಬಿತ್ತು. ಆನಂತರದ ಹೂಳಿನಲ್ಲಿ ದೂಳು ಇಳಿದಿದೆ, ಆದರೆ ದನಗಳು ಬರುವ ಮುಂಚಿನ ಮಟ್ಟಕ್ಕೆ ಇಳಿದಿಲ್ಲ.