ಪೀಣ್ಯದ ಸ್ಲಡ್ಜ್‌ಗೆ ಜಾಗ ಸಿಕ್ಕಿದ್ದು ಯಾವಾಗ?

ಪೀಣ್ಯದ ಪ್ಲೇಟಿಂಗ್ ಶಾಪ್‌ಗಳಲ್ಲಿ ಬಿಡಿಭಾಗಗಳಿಗೆ ಕ್ರೋಮ್, ನಿಕ್ಕಲ್ ಲೇಪನ ಮಾಡುತ್ತಾರೆ. ತೊಳೆದ ನೀರು ಇಟಿಪಿಗೆ, ಅಂದರೆ ಕೊಳೆ ನೀರನ್ನು ಶುದ್ಧ ಮಾಡುವ ಘಟಕಕ್ಕೆ, ಹೋಗುತ್ತದೆ. ಅಲ್ಲಿ ತಳದಲ್ಲಿ ಉಳಿಯುವ ಕೆಸರೇ ಸ್ಲಡ್ಜ್. ಲೋಹ ಬಹುಪಾಲು ಅದರಲ್ಲೇ ಸೇರಿರುತ್ತದೆ, ಹಾಗಾಗಿ ಮನೆ ಕಸದ ಗಾಡಿಗೆ ಸುರಿಯುವ ಹಾಗಿಲ್ಲ.

1984ರ ಭೋಪಾಲ್ ದುರಂತದ ನಂತರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮ ಬಂತು. ಜಾಗ ಮಾತ್ರ ಬರಲಿಲ್ಲ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ವಿಲೇವಾರಿ ಘಟಕ ಶುರುವಾಗುವ ಹೊತ್ತಿಗೆ 2008 ಆಗಿತ್ತು. ಅದಕ್ಕೂ ಮೊದಲು, 2003ರಲ್ಲಿ, ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬಿಗಿ ಆದೇಶ ಕೊಟ್ಟಿತ್ತು. ಘಟಕ ಶುರುವಾಗುವವರೆಗೆ ನಿಯಮಕ್ಕೆ ಹೆದರಿದವರು ಸ್ಲಡ್ಜನ್ನು ಡ್ರಮ್ಮಿಗೆ ತುಂಬಿ ಆವರಣದಲ್ಲೇ ಇಟ್ಟುಕೊಳ್ಳಬೇಕಿತ್ತು. ಹೆದರದವರ ಮಾತು ಬೇಡ ಬಿಡಿ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು.

ಈಗ ಜಾಗ ಇದೆ, ಆದರೆ ತಂದದ್ದನ್ನೆಲ್ಲ ಸುಮ್ನೆ ಒಳಗೆ ಬಿಡುವಂತಿಲ್ಲ. ಒಂದು ಕಾರ್ಖಾನೆಯ ತ್ಯಾಜ್ಯವನ್ನು ಮೊದಲ ಸಲ ತೆಗೆದುಕೊಳ್ಳುವ ಮುಂಚೆ ಪೂರ್ತಿ ವಿಶ್ಲೇಷಣೆ ಆಗಬೇಕು. ಆಮೇಲೆ ಬರುವ ಲೋಡುಗಳನ್ನು ಚುಟುಕಾಗಿ ಪರೀಕ್ಷಿಸಿ, ಇದು ಅದೇ ಸರಕೇ ಎಂದು ನೋಡುತ್ತಾರೆ. ಅದರಲ್ಲಿ ಒಂದು ಬಹಳ ಸರಳ. 100 ಗ್ರಾಂ ಸ್ಲಡ್ಜನ್ನು ಪೇಂಟ್ ಸೋಸುವ ಜಾಲರಿಗೆ ಹಾಕಿ ಐದು ನಿಮಿಷ ಬಿಡುತ್ತಾರೆ. ಕೆಳಗೆ ನೀರು ತೊಟ್ಟಿಕ್ಕಿತೋ, ಅದು ನೇರ ಭರ್ತಿಗೆ, ಅಂದರೆ ಹಾಗೇ ಗುಂಡಿಗೆ ತುಂಬುವುದಕ್ಕೆ, ಲಾಯಕ್ಕಿಲ್ಲ. ಭರ್ತಿ ಗುಂಡಿಗೆ ಎರಡು ಪದರದ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ ನಿಜ, ಆದರೆ ಒಳಗೆ ನೀರು ಜಾಸ್ತಿಯಾದಷ್ಟೂ ಸೋರುವ ಭಯ ಜಾಸ್ತಿ, ಅಲ್ವಾ?

ಲಾರಿಯ ಜೊತೆ ಮ್ಯಾನಿಫೆಸ್ಟ್, ಅಂದರೆ ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬ ದಾಖಲೆ ಪತ್ರ, ಬರಬೇಕು. 2016ರ ನಿಯಮದಲ್ಲಿ ಇದಕ್ಕೆ ಏಳು ಬಣ್ಣದ ಪ್ರತಿಗಳು. ಸರಕು ಸ್ವೀಕರಿಸಿದವರು ಸಹಿ ಹಾಕಿ ನೀಲಿ ಪ್ರತಿಯನ್ನು ಕಾರ್ಖಾನೆಗೆ, ಹಸಿರನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಹೊರಟ ಲೋಡು ದಾರಿಯಲ್ಲೇ ಎಲ್ಲೋ ಖಾಲಿಯಾದರೆ ಹಿಡಿಯುವುದು ಈ ಎರಡು ಹಾಳೆಗಳಿಂದಲೇ.

ತೊಡಕು ಇರುವುದು ಸಣ್ಣ ಶಾಪ್‌ಗಳಿಗೆ. ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ನಾಲ್ಕು ಡ್ರಮ್ಮಿಗೋಸ್ಕರ ಲಾರಿ ಬಾಡಿಗೆ ಕೊಡುವುದು ದುಬಾರಿ. ವರ್ಷಕ್ಕೆ 10 ಟನ್ ಒಳಗಿನವರಿಗೆ ಮಂಡಳಿ ಈ ಗಡುವನ್ನು 180 ದಿನಕ್ಕೆ ವಿಸ್ತರಿಸಬಹುದು, ಆದರೆ ಬಾಡಿಗೆ ಅವರದೇ.