ಮಹಾಸಾಂಕ್ರಾಮಿಕದ ಹರಡುವಿಕೆ ಮತ್ತು ದೇಶದ ಆರ್ಥಿಕ-ಸಾಮಾಜಿಕ ಸ್ಥಿತಿ: ಅಧ್ಯಯನ ಟಿಪ್ಪಣಿ

ಬಡ ದೇಶಗಳಲ್ಲಿ ರೋಗ ಬೇಗ ಹರಡುತ್ತದೆ, ಶ್ರೀಮಂತ ದೇಶಗಳಲ್ಲಿ ಹತೋಟಿಗೆ ಬರುತ್ತದೆ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕೋವಿಡ್-19ರ ಅನುಭವ ಈ ಉತ್ತರವನ್ನು ಎತ್ತಿಹಿಡಿಯುವುದಿಲ್ಲ. 2019ರ ಅಕ್ಟೋಬರಿನಲ್ಲಿ ಪ್ರಕಟವಾದ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕವು 195 ದೇಶಗಳ ಸನ್ನದ್ಧತೆಯನ್ನು ಅಳೆದು, ಅಮೆರಿಕಕ್ಕೆ ಮೊದಲ ಸ್ಥಾನವನ್ನೂ ಬ್ರಿಟನ್ನಿಗೆ ಎರಡನೆಯ ಸ್ಥಾನವನ್ನೂ ಕೊಟ್ಟಿತ್ತು; ಮರುವರ್ಷದ ಏಪ್ರಿಲ್ ಮುಗಿಯುವ ಹೊತ್ತಿಗೆ ಅತಿ ಹೆಚ್ಚು ಸಾವು ಕಂಡ ದೇಶಗಳ ಸಾಲಿನಲ್ಲಿ ಆ ಎರಡೂ ಇದ್ದವು. ಆರ್ಥಿಕ ಸ್ಥಿತಿಗೆ ಇದರಲ್ಲಿ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಆ ಪಾತ್ರವನ್ನು ತಲಾ ಆದಾಯದ ಪಟ್ಟಿಯಲ್ಲಿ ಹುಡುಕುವ ಬದಲು, ಜ್ವರ ಬಂದ ಮನುಷ್ಯ ಹತ್ತು ದಿನ ಹೊರಗೆ ಕಾಲಿಡದೆ ಬದುಕುವುದಕ್ಕೆ ಆ ದೇಶದಲ್ಲಿ ಅನುಕೂಲವಿದೆಯೇ ಎಂಬ ಪ್ರಶ್ನೆಯಲ್ಲಿ ಹುಡುಕಬೇಕೆಂಬುದು ಈ ಟಿಪ್ಪಣಿಯ ನಿಲುವು.

ಮೊದಲು ಒಂದು ಎಚ್ಚರಿಕೆ. ದೇಶ ದೇಶಗಳನ್ನು ಹೋಲಿಸುವಾಗ ನಮ್ಮ ಕೈಗೆ ಸಿಗುವುದು ವರದಿಯಾದ ಪ್ರಕರಣಗಳ ಸಂಖ್ಯೆ. ಅದು ಸೋಂಕನ್ನು ಎಷ್ಟು ತೋರಿಸುತ್ತದೆಯೋ, ಪರೀಕ್ಷೆ ನಡೆಸುವ ಮತ್ತು ಸಾವನ್ನು ದಾಖಲಿಸುವ ವ್ಯವಸ್ಥೆಯನ್ನೂ ಅಷ್ಟೇ ತೋರಿಸುತ್ತದೆ. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ 2020ರ ಮಧ್ಯಭಾಗದಲ್ಲಿ ಶವಾಗಾರಕ್ಕೆ ಬಂದ 364 ದೇಹಗಳನ್ನು ಪರೀಕ್ಷಿಸಿದಾಗ ಶೇ 15ರಿಂದ 20ರಷ್ಟರಲ್ಲಿ ವೈರಸ್ ಪತ್ತೆಯಾಯಿತು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಹೊರಗೆ, ಯಾವ ಪರೀಕ್ಷೆಗೂ ಒಳಗಾಗದೆ ಸತ್ತವರು. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ವರದಿಯಾದ ಕೋವಿಡ್ ಸಾವುಗಳು ಸುಮಾರು 54 ಲಕ್ಷವಾದರೆ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಮರಣಗಳು, ಅಂದರೆ ಮಹಾಸಾಂಕ್ರಾಮಿಕ ಇಲ್ಲದಿದ್ದರೆ ಆಗಬಹುದಾಗಿದ್ದಕ್ಕಿಂತ ಹೆಚ್ಚಾಗಿ ಆದ ಸಾವುಗಳು, 1.49 ಕೋಟಿ. ಆದ್ದರಿಂದ ಪ್ರಕರಣಗಳು ಕಡಿಮೆಯಿರುವ ದೇಶವನ್ನು ಕಂಡ ಕೂಡಲೇ ಅಲ್ಲಿ ರೋಗ ಹರಡಿಲ್ಲವೆಂದು ಬರೆಯುವುದು ಅವಸರದ ತೀರ್ಮಾನವಾಗುತ್ತದೆ.

ಇನ್ನು ಮುಖ್ಯ ವಿಷಯ. ಒಬ್ಬ ಸೋಂಕಿತ ವ್ಯಕ್ತಿಯಿಂದ ಸರಾಸರಿ ಎಷ್ಟು ಜನರಿಗೆ ರೋಗ ದಾಟುತ್ತದೆ ಎಂಬುದು ನಾಲ್ಕು ಅಂಶಗಳ ಗುಣಲಬ್ಧ: ಆ ವ್ಯಕ್ತಿ ಎಷ್ಟು ದಿನ ಸೋಂಕು ಹರಡುವ ಸ್ಥಿತಿಯಲ್ಲಿ ಜನರ ನಡುವೆ ಇರುತ್ತಾನೆ, ದಿನಕ್ಕೆ ಎಷ್ಟು ಜನರ ಸಂಪರ್ಕಕ್ಕೆ ಬರುತ್ತಾನೆ, ಒಂದು ಸಂಪರ್ಕದಲ್ಲಿ ಸೋಂಕು ದಾಟುವ ಸಂಭವನೀಯತೆ ಎಷ್ಟು, ಮತ್ತು ಸಂಪರ್ಕಕ್ಕೆ ಬಂದವರಲ್ಲಿ ರೋಗನಿರೋಧಕ ಶಕ್ತಿ ಇಲ್ಲದವರ ಪಾಲೆಷ್ಟು. ಮೂರನೆಯದರಲ್ಲಿ ವೈರಸ್ಸಿನ ಸ್ವಭಾವವೂ ಸೇರಿದೆ, ನಾಲ್ಕನೆಯದನ್ನು ಲಸಿಕೆಯ ಹಂಚಿಕೆ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಆದರೆ ಮೊದಲೆರಡು ಅಂಶಗಳು ಕೂಲಿ, ಮನೆ, ಪ್ರಯಾಣ, ರಜೆ ಇವುಗಳಿಗೇ ನೇರವಾಗಿ ಅಂಟಿಕೊಂಡಿವೆ. ಇವು ಗುಣಲಬ್ಧವಾದ್ದರಿಂದ ಯಾವುದಾದರೂ ಒಂದು ಅರ್ಧಕ್ಕಿಳಿದರೆ ಒಟ್ಟು ಹರಡುವಿಕೆಯೂ ಅರ್ಧಕ್ಕಿಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಪೆರು ದೇಶದ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಸರ್ಕಾರ ಸುಮ್ಮನೆ ಕೂತಿರಲಿಲ್ಲ. 2020ರ ಮಾರ್ಚ್ 16ರಿಂದಲೇ, ಲ್ಯಾಟಿನ್ ಅಮೆರಿಕದ ಬೇರೆ ಹಲವು ದೇಶಗಳಿಗಿಂತ ಮೊದಲೇ, ಕಟ್ಟುನಿಟ್ಟಿನ ಲಾಕ್‌ಡೌನ್ ಜಾರಿಯಾಯಿತು. ಬಡ ಕುಟುಂಬಗಳಿಗೆ ನಗದು ನೆರವೂ ಘೋಷಣೆಯಾಯಿತು. ಆದರೆ ದುಡಿಯುವವರಲ್ಲಿ ಸುಮಾರು ಶೇ 70ರಷ್ಟು ಮಂದಿ ಅನೌಪಚಾರಿಕ ವಲಯದವರು. ಅಂದಂದಿನ ದುಡಿಮೆ ಅಂದಂದಿಗೆ. ಸುಮಾರು ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇರಲಿಲ್ಲವಾದ್ದರಿಂದ ವಾರಕ್ಕಾಗುವಷ್ಟು ಆಹಾರವನ್ನು ಒಮ್ಮೆಗೇ ತಂದಿಡುವುದು ಸಾಧ್ಯವಿರಲಿಲ್ಲ. ಜನ ಮತ್ತೆ ಮತ್ತೆ ಸಂತೆಗೆ ಹೋದರು, ಸಂತೆಗಳೇ ಸೋಂಕಿನ ಕೇಂದ್ರಗಳಾದವು. ಬಹಳಷ್ಟು ಜನರಿಗೆ ಬ್ಯಾಂಕ್ ಖಾತೆ ಇರಲಿಲ್ಲ, ಹೀಗಾಗಿ ಮನೆಯಲ್ಲೇ ಇರಲೆಂದು ಕೊಟ್ಟ ಹಣವನ್ನು ಪಡೆಯಲು ಅವರು ಬ್ಯಾಂಕಿನ ಮುಂದೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ಫ್ರಿಜ್ ಮತ್ತು ಬ್ಯಾಂಕ್ ಖಾತೆ ಸಾಂಕ್ರಾಮಿಕ ರೋಗಶಾಸ್ತ್ರದ ಪಠ್ಯದಲ್ಲಿ ಸಿಗುವ ಪದಗಳಲ್ಲ, ಆದರೂ ಮೇಲಿನ ಸೂತ್ರದ ಎರಡನೆಯ ಅಂಶವನ್ನು ಅಲ್ಲಿ ನಿರ್ಧರಿಸಿದ್ದರಲ್ಲಿ ಅವುಗಳ ಪಾಲು ದೊಡ್ಡದು. 2021ರ ಮೇ ತಿಂಗಳ ಕೊನೆಯಲ್ಲಿ ಪೆರು ತನ್ನ ಸಾವಿನ ಲೆಕ್ಕವನ್ನು ಪರಿಷ್ಕರಿಸಿ, ಸುಮಾರು 69 ಸಾವಿರದಿಂದ 1.8 ಲಕ್ಷಕ್ಕೆ ಏರಿಸಿತು.

ಇದು ಒಂದು ದೇಶದ ವಿಶೇಷ ಸ್ಥಿತಿಯೆಂದು ಭಾವಿಸಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಂದಾಜಿನ ಪ್ರಕಾರ ಜಗತ್ತಿನ ದುಡಿಯುವ ಜನರಲ್ಲಿ ಶೇ 61ರಷ್ಟು, ಅಂದರೆ 200 ಕೋಟಿ ಜನ, ಅನೌಪಚಾರಿಕ ಉದ್ಯೋಗದಲ್ಲಿದ್ದಾರೆ. ಶ್ರೀಮಂತ ದೇಶಗಳಲ್ಲಿಯೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಮೆರಿಕದಲ್ಲಿ ವೇತನಸಹಿತ ಅನಾರೋಗ್ಯ ರಜೆಯನ್ನು ಕಡ್ಡಾಯಗೊಳಿಸುವ ರಾಷ್ಟ್ರೀಯ ಕಾನೂನು ಇರಲಿಲ್ಲ. 2020ರ ಏಪ್ರಿಲಿನಲ್ಲಿ ತಾತ್ಕಾಲಿಕವಾಗಿ ಅಂಥ ರಜೆ ಜಾರಿಗೆ ಬಂದಾಗ, ಅದನ್ನು ಹೊಸದಾಗಿ ಪಡೆದ ರಾಜ್ಯಗಳಲ್ಲಿ ದಿನಕ್ಕೆ ರಾಜ್ಯವೊಂದಕ್ಕೆ ಸುಮಾರು 400 ಪ್ರಕರಣಗಳು ಕಡಿಮೆಯಾದವೆಂದು ಅಧ್ಯಯನವೊಂದು ಲೆಕ್ಕ ಹಾಕಿತು.

ವಸತಿಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಸರಾಸರಿಯು ಎಷ್ಟನ್ನು ಮುಚ್ಚಿಡಬಲ್ಲದು ಎಂಬುದು ಸಿಂಗಪುರದಲ್ಲಿ ಸ್ಪಷ್ಟವಾಗುತ್ತದೆ. ತಲಾ ಆದಾಯದಲ್ಲಿ ಅದು ಜಗತ್ತಿನ ಮೇಲ್ತುದಿಯ ದೇಶಗಳಲ್ಲೊಂದು. ಸಂಪರ್ಕ ಪತ್ತೆಯಲ್ಲೂ ಮೊದಲ ವಾರಗಳಲ್ಲಿ ಎಲ್ಲರ ಮೆಚ್ಚುಗೆ ಪಡೆದಿತ್ತು. ಆದರೆ ಮೂರು ಲಕ್ಷಕ್ಕೂ ಹೆಚ್ಚು ವಲಸೆ ಕಾರ್ಮಿಕರು ಡಾರ್ಮಿಟರಿಗಳಲ್ಲಿ, ಒಂದೇ ಕೋಣೆಯ ಅಂತಸ್ತಿನ ಮಂಚಗಳ ಮೇಲೆ ಹತ್ತಾರು ಜನರಂತೆ ಮಲಗಿ, ಒಂದೇ ಅಡುಗೆಮನೆ ಮತ್ತು ಶೌಚಾಲಯಗಳನ್ನು ಹಂಚಿಕೊಂಡಿದ್ದರು. 2020ರ ಅಂತ್ಯದ ವೇಳೆಗೆ ಅವರಲ್ಲಿ ಶೇ 47ರಷ್ಟು ಮಂದಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ದೇಶದ ಒಟ್ಟು ಪ್ರಕರಣಗಳಲ್ಲಿ ಬಹುಪಾಲು ಅವರದೇ. ಮುಂಬೈಯ ಮೂರು ವಾರ್ಡುಗಳಲ್ಲಿ ಅದೇ ವರ್ಷದ ಜುಲೈನಲ್ಲಿ ನಡೆದ ಸೀರೋ ಸಮೀಕ್ಷೆಯು (ರಕ್ತ ಪರೀಕ್ಷೆಯ ಸಮೀಕ್ಷೆ) ಕೊಳೆಗೇರಿಗಳಲ್ಲಿ ಶೇ 57ರಷ್ಟು, ಅವುಗಳ ಹೊರಗೆ ಶೇ 16ರಷ್ಟು ಜನರಲ್ಲಿ ಪ್ರತಿಕಾಯಗಳನ್ನು, ಅಂದರೆ ಸೋಂಕು ತಗುಲಿಹೋದ ಗುರುತನ್ನು, ಕಂಡಿತು. ಒಂದೇ ನಗರ, ಒಂದೇ ಲಾಕ್‌ಡೌನ್ ಆದೇಶ. ಒಟ್ಟು ಜನಸಾಂದ್ರತೆಗಿಂತ ಕೋಣೆಯೊಳಗಿನ ದಟ್ಟಣೆ ಮತ್ತು ಹಂಚಿಕೊಂಡ ಶೌಚಾಲಯಗಳನ್ನೇ ಇಲ್ಲಿ ನೋಡಬೇಕಾಗುತ್ತದೆ.

ಸಾಮಾಜಿಕ ಅಂಶಗಳಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಾಕ್ಷರತೆಯನ್ನು ಬರೆದು ನಂಬಿಕೆಯನ್ನು ಬಿಟ್ಟುಬಿಡುತ್ತಾರೆ. 177 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸನ್ನದ್ಧತೆಯ ಸೂಚ್ಯಂಕಗಳಿಗೂ ಸೋಂಕಿನ ಪ್ರಮಾಣಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಸರ್ಕಾರದ ಮೇಲೆ ಮತ್ತು ಪರಸ್ಪರರ ಮೇಲೆ ಜನರಿಗಿರುವ ನಂಬಿಕೆ ಹೆಚ್ಚಿದ್ದಲ್ಲಿ ಸೋಂಕು ಕಡಿಮೆಯಿತ್ತು. ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಎಬೋಲಾ ಕಾಲದ ಲೈಬೀರಿಯ ಒದಗಿಸುತ್ತದೆ: 2014ರ ಆಗಸ್ಟಿನಲ್ಲಿ ರಾಜಧಾನಿ ಮನ್ರೋವಿಯದ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ಸೈನಿಕರು ಇದ್ದಕ್ಕಿದ್ದಂತೆ ಸುತ್ತುವರಿದು ಮುಚ್ಚಿದಾಗ ಗಲಭೆಯಾಯಿತು, ಹತ್ತೇ ದಿನಗಳಲ್ಲಿ ಆ ದಿಗ್ಬಂಧನವನ್ನು ತೆಗೆಯಬೇಕಾಯಿತು.

ದುಡಿಮೆ-ವಸತಿಯ ಸ್ಥಿತಿ ಮತ್ತು ಜನರ ನಂಬಿಕೆ ಎಂಬ ಎರಡೂ ಎಳೆಗಳನ್ನು ವಿಯೆಟ್ನಾಂ ಒಂದೆಡೆ ತರುತ್ತದೆ. ಹತ್ತಿರ ಹತ್ತಿರ ಹತ್ತು ಕೋಟಿ ಜನಸಂಖ್ಯೆಯ, ಮಧ್ಯಮ ಆದಾಯದ ಆ ದೇಶದಲ್ಲಿ 2020ರ ಕೊನೆಯವರೆಗೆ ವರದಿಯಾದ ಕೋವಿಡ್ ಸಾವುಗಳು 35. ಬೇಗನೆ ಗಡಿ ಮುಚ್ಚಿದ್ದು, ಸಂಪರ್ಕಿತರನ್ನು ಸರ್ಕಾರಿ ಖರ್ಚಿನಲ್ಲೇ ಕ್ವಾರಂಟೈನ್ ಮಾಡಿದ್ದು ಮತ್ತು ಜನರ ಸಹಕಾರ ಇದಕ್ಕೆ ಕಾರಣಗಳು. 2021ರಲ್ಲಿ ಲಸಿಕೆ ಇನ್ನೂ ಕೆಲವರಿಗಷ್ಟೇ ಸಿಕ್ಕಿದ್ದಾಗ ಡೆಲ್ಟಾ ರೂಪಾಂತರಿ ಹೋ ಚಿ ಮಿನ್ ನಗರವನ್ನು, ಅಲ್ಲಿನ ಕಾರ್ಖಾನೆಗಳನ್ನು, ಕಾರ್ಮಿಕರ ಇಕ್ಕಟ್ಟಾದ ಬಾಡಿಗೆ ಕೋಣೆಗಳನ್ನು ಹೊಕ್ಕಿತು. ಉತ್ಪಾದನೆ ನಿಲ್ಲದಿರಲೆಂದು ಕೆಲಸ, ಊಟ, ನಿದ್ರೆ ಮೂರೂ ಕಾರ್ಖಾನೆಯೊಳಗೇ ನಡೆಯಬೇಕೆಂಬ ನಿಯಮ ಬಂದು, ಕಾರ್ಮಿಕರು ಯಂತ್ರಗಳ ಪಕ್ಕದಲ್ಲೇ ಡೇರೆ ಹಾಕಿಕೊಂಡು ಮಲಗಿದರು. ಅಕ್ಟೋಬರ್ 1ರಂದು ನಿರ್ಬಂಧ ಸಡಿಲವಾದದ್ದೇ ತಡ, ತಿಂಗಳುಗಟ್ಟಲೆ ಸಂಪಾದನೆಯಿಲ್ಲದೆ ಬಳಲಿದ್ದ ಸಾವಿರಾರು ವಲಸೆ ಕಾರ್ಮಿಕರು ಮೋಟಾರುಬೈಕುಗಳ ಮೇಲೆ ಗಂಟುಮೂಟೆ ಕಟ್ಟಿಕೊಂಡು ಮೆಕಾಂಗ್ ಮುಖಜಭೂಮಿಯ ತಮ್ಮ ಪ್ರಾಂತ್ಯಗಳಿಗೆ ಹೊರಟರು, ಮುಂದಿನ ವಾರಗಳಲ್ಲಿ ಆ ಪ್ರಾಂತ್ಯಗಳಲ್ಲಿ ಪ್ರಕರಣಗಳು ಏರಿದವು.